ಇಪ್ಪತ್ತೆರಡು ಕಿಟಕಿಗಳು

ಪುಟದ ಬಲಮೂಲೆಯ ಅಂಕಿ ಎರಡರಿಂದ ಒಂದಕ್ಕೆ ಇಳಿದದ್ದು ಬುಧವಾರ ಬೆಳಿಗ್ಗೆ ಹತ್ತೂವರೆಗೆ. ಮೌನೇಶ್ವರಿ ಬಡಿಗೇರ ಆಗ ಹಿರೇಬಾಸೂರು ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿದ್ದಳು. ಇಮಾಮಸಾಬ ನದಾಫನ ತೋಳಿಗೆ ಸೂಜಿ ಚುಚ್ಚಿ, ಪಟ್ಟಿ ಅಂಟಿಸಿ, ಅಭ್ಯಾಸದಂತೆ ಪರದೆಯ ಕಡೆ ಕಣ್ಣು ಹಾಯಿಸಿದಳು. ಎರಡು ವರ್ಷದಿಂದ ಆ ಪುಟವನ್ನು ತನ್ನ ಜೊತೆಗೆ ತೆರೆದಿಟ್ಟುಕೊಂಡಿದ್ದ ಇನ್ನೊಬ್ಬರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಯಾವುದೋ ದೂರದೂರಿನಲ್ಲಿ ತನ್ನಂತೆಯೇ ಹಳೆಯ ಯಂತ್ರಗಳನ್ನು ಸಂಬಾಳಿಸುವ ಒಬ್ಬ ತಂತ್ರಜ್ಞ ಇರಬೇಕು ಎಂದುಕೊಂಡಿದ್ದಳು. ಆ ಮನುಷ್ಯ ನಿವೃತ್ತನಾದನೋ, ಅವನ ಯಂತ್ರಗಳೇ ಗುಜರಿಗೆ ಹೋದವೋ, ಅಂತೂ ಈಗ ಲೋಕದಲ್ಲಿ ಅವಳೊಬ್ಬಳೇ ಉಳಿದಳು.

"ಯಾಕ್ರೀ ಅಕ್ಕಾರ, ಮಾರಿ ಸಣ್ಣದ್ ಮಾಡಿದ್ರಿ? ನನ್ನ ರಕ್ತ ಏನರ ನಾರಾಕತ್ತೇತೇನು?" ಎಂದ ಇಮಾಮಸಾಬ. ಹನ್ನೊಂದು ವರ್ಷದಿಂದ ವಾರಕ್ಕೆ ಮೂರು ಸಲ ಇದೇ ಹಾಸಿಗೆಯಲ್ಲಿ ಮಲಗುತ್ತಿದ್ದ ಗಾದಿ ಹೊಲಿಯುವ ಮುದುಕ ಅವನು.

"ನಿಮ್ಮ ರಕ್ತ ಚಲೋ ಐತ್ರಿ ಮಾಮಾ. ಕೈ ಅಳ್ಳಾಡಸಬ್ಯಾಡ್ರಿ," ಎಂದಳು ಮೌನೇಶ್ವರಿ.

ತೆರೆದವರಿಲ್ಲದ ಪುಟ ಉಳಿಯಕೂಡದು ಎಂಬ ಕಾಯಿದೆ ಬಂದು ಹದಿನಾರು ವರ್ಷವಾಗಿತ್ತು. ಜಾಲದ ಪುಟಗಳನ್ನು ಇಟ್ಟುಕೊಳ್ಳುವ ಸರ್ವರ್ ಮನೆಗಳು ಊರೂರಿನ ಕರೆಂಟು ನುಂಗಿ, ತಂಪಾಗಲು ಕೆರೆಗಟ್ಟಲೆ ನೀರು ಕುಡಿಯತೊಡಗಿದಾಗ ಸರ್ಕಾರಗಳು ಒಂದು ಸರಳ ನಿಯಮ ಮಾಡಿದವು. ಯಾರಾದರೊಬ್ಬರು ತಮ್ಮ ಬ್ರೌಸರಿನಲ್ಲಿ ತೆರೆದಿಟ್ಟುಕೊಂಡಿರುವ ತನಕ ಪುಟಕ್ಕೆ ಜೀವ. ಕೊನೆಯ ಟ್ಯಾಬ್ ಮುಚ್ಚಿದ ಕ್ಷಣ ಅದು ಅಳಿಸಿಹೋಗುತ್ತದೆ. ಒಬ್ಬರಿಗೆ ಒಂಬತ್ತೇ ಟ್ಯಾಬ್. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರ ತನಕ ಪ್ರತಿಯೊಂದನ್ನೂ ಗಂಟೆಗೊಮ್ಮೆಯಾದರೂ ಕಣ್ಣಿಟ್ಟು ನೋಡಬೇಕು. ನೋಡಿದ್ದನ್ನು ಕ್ಯಾಮೆರಾ ಗುರುತಿಸುತ್ತದೆ. ಕೆಲಸದಲ್ಲಿದ್ದವರ ಪರವಾಗಿ ಮನೆಯವರೊಬ್ಬರು ನೋಡಿದರೂ ನಡೆಯುತ್ತದೆ.

ಜನ ಇದಕ್ಕೂ ಒಗ್ಗಿಕೊಂಡರು. ರೇಷನ್, ಪಿಂಚಣಿ, ಬ್ಯಾಂಕು, ಗ್ಯಾಸು, ಮಕ್ಕಳ ಶಾಲೆ ಎಂದು ಆರೇಳು ಟ್ಯಾಬು ತುಂಬಿಹೋಗುತ್ತಿದ್ದವು. ಹೆಣ್ಣು ನೋಡಲು ಬಂದವರು ಹುಡುಗಿಯ ಬಳಿ ಖಾಲಿ ಟ್ಯಾಬ್ ಎಷ್ಟಿವೆ ಎಂದು ಚಹಾ ಕುಡಿಯುತ್ತ ಸುಮ್ಮನೆ ಕೇಳಿದಂತೆ ಕೇಳುತ್ತಿದ್ದರು. ಸತ್ತವರ ಮನೆಯಲ್ಲಿ ಅಳುವ ಮೊದಲು ಅವರ ಟ್ಯಾಬುಗಳನ್ನು ಇನ್ನೊಬ್ಬರ ಹೆಸರಿಗೆ ಮಾಡಿಕೊಳ್ಳಬೇಕಿತ್ತು.

ಆಸ್ಪತ್ರೆಯ ಆರೂ ಯಂತ್ರಗಳು ಒಂದೇ ಕಂಪನಿಯವು. ಡಯಾಲಿಸಿಸ್ ಯಂತ್ರ ಶುದ್ಧ ನೀರಿಗೆ ಲವಣ ಬೆರೆಸುತ್ತದೆ. ಆ ಬೆರಕೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹೃದಯಕ್ಕೆ ಅಪಾಯ. ಅಳೆಯುವ ಸಂವೇದಕಗಳು ದಿನ ಕಳೆದಂತೆ ದಾರಿ ತಪ್ಪುವುದರಿಂದ ಆಗಾಗ ಅಳತೆ ಹೊಂದಿಸಬೇಕು. ಹೊಂದಿಸುವಾಗ ಯಂತ್ರ ಹದಿನಾರು ಅಕ್ಷರದ ಒಂದು ಕೋಡ್ ಕೇಳುತ್ತದೆ. ಕಂಪನಿಯ ಪುಟದಲ್ಲಿ ಯಂತ್ರದ ಸಂಖ್ಯೆಯನ್ನೂ ದಿನಾಂಕವನ್ನೂ ತುಂಬಿದರೆ ಆ ಕೋಡ್ ಬರುತ್ತದೆ. ಪುಟ ಕೋಡ್ ಕೊಡುವುದು ಹಗಲು ಎಂಟರಿಂದ ರಾತ್ರಿ ಎಂಟರ ತನಕ, ಒಂದು ಕಿಟಕಿಗೆ, ಅಂದರೆ ತೆರೆದ ಒಂದು ಟ್ಯಾಬಿಗೆ, ಗಂಟೆಗೆ ಒಂದೇ. ನಲವತ್ತು ದಿನದೊಳಗೆ ಹೊಸ ಕೋಡ್ ಬೀಳದಿದ್ದರೆ ಯಂತ್ರ ತಾನೇ ಬೀಗ ಹಾಕಿಕೊಳ್ಳುತ್ತದೆ; ಆಮೇಲೆ ಆಯಾ ದಿನದ ಕೋಡ್ ಬಿದ್ದರಷ್ಟೇ ತೆರೆಯುತ್ತದೆ. ಭೌತಶಾಸ್ತ್ರದಲ್ಲಿ ಬಿಎಸ್ಸಿ ಮಾಡಿದ್ದ ಮೌನೇಶ್ವರಿ ಹಳೆಯ ಕೋಡುಗಳನ್ನೆಲ್ಲ ಹರಡಿಕೊಂಡು ಅವುಗಳ ಹಿಂದಿನ ಸೂತ್ರಕ್ಕಾಗಿ ಒಂದು ಬೇಸಿಗೆಯಿಡೀ ತಲೆ ಕೆಡಿಸಿಕೊಂಡಿದ್ದಳು. ಸಿಕ್ಕಿರಲಿಲ್ಲ.

ಅಳತೆ ಹೊಂದಿಸಲು ಅವಳು ಇಟ್ಟುಕೊಂಡಿದ್ದ ದಿನ ಅಮಾವಾಸ್ಯೆ. ಬಡಿಗರ ಮನೆಗಳಲ್ಲಿ ಅಮಾವಾಸ್ಯೆಯಂದು ಉಳಿ, ಬಾಚಿ, ಗರಗಸಗಳಿಗೆ ಕೆಲಸವಿಲ್ಲ. ತೊಳೆದು, ಸಾಣೆ ಹಿಡಿದು, ಎಣ್ಣೆ ಸವರಿ, ಕುಂಕುಮವಿಟ್ಟು ಇಡುತ್ತಾರೆ. ಅವಳೂ ಆ ದಿನ ಅರ್ಧ ಹೊತ್ತು ಯಂತ್ರಗಳಿಗೆ ಬಿಡುವು ಕೊಟ್ಟು, ಒರೆಸಿ, ಕೋಡ್ ಹಾಕಿ ಅಳತೆ ಕೂಡಿಸುತ್ತಿದ್ದಳು. ರೋಗಿಗಳಿಗೆಲ್ಲ ಇದು ಗೊತ್ತಿತ್ತು. ಅಮಾವಾಸ್ಯೆಗೆ ಯಾರೂ ಬೆಳಗಿನ ಪಾಳಿ ಕೇಳುತ್ತಿರಲಿಲ್ಲ.

ಅಂಕಿ ಒಂದಾದದ್ದು ಕಂಪನಿಗೂ ಕಂಡಿತ್ತು. ಮಧ್ಯಾಹ್ನವೇ ಅವರ ಎಂಜಿನಿಯರ್ ಶ್ರೀವತ್ಸ ಬಂದ. ಸೌಮ್ಯ ಮಾತಿನ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಕಂಪನಿ ಎರಡು ವರ್ಷದ ಹಿಂದೆ ಈ ಮಾದರಿಯನ್ನು ನಿಲ್ಲಿಸಿ ಪುಟದ ಬಾಗಿಲು ಮುಚ್ಚಿತ್ತು. ಹೊಸಬರು ವಿಳಾಸ ಹೊಡೆದು ಒಳಗೆ ಬರುವಂತಿರಲಿಲ್ಲ. ಆದರೆ ಒಳಗಿದ್ದವರನ್ನು ಹೊರಹಾಕುವ ಹಕ್ಕು ಯಾರಿಗೂ ಇರಲಿಲ್ಲ. ಮೇಲಾಗಿ ಒಳಗಿದ್ದವರು ಪಕ್ಕದಲ್ಲಿ ಕುಳಿತವರಿಗೆ ತಮ್ಮ ಟ್ಯಾಬಿನಿಂದ ಒಂದು ಹೊಸ ಕಿಟಕಿ ತೆರೆದುಕೊಡಬಹುದಿತ್ತು. ಆದರೆ ಹಾಗೆ ಪಡೆದವರ ಒಂಬತ್ತರಲ್ಲಿ ಒಂದು ಖರ್ಚಾಗುತ್ತಿತ್ತು.

ಶ್ರೀವತ್ಸ ತಂದದ್ದು ಇನ್ನೊಂದು ಸುದ್ದಿ. ಭಾನುವಾರ ಸಂಜೆ ಆರಕ್ಕೆ ದೇಶದ ಹಳೆಯ ಬ್ರೌಸರ್ ನಿಂತು ಹೊಸದು ಶುರುವಾಗುತ್ತದೆ. ಬಾಗಿಲು ತೆರೆದಿರುವ ಪುಟಗಳು ತಾವಾಗಿಯೇ ಅದಕ್ಕೆ ಹೋಗುತ್ತವೆ. ಮುಚ್ಚಿದವು ಹೋಗುವುದಿಲ್ಲ. ಎಷ್ಟು ಜನ ಹಿಡಿದುಕೊಂಡು ಕುಳಿತರೂ ಈ ಪುಟ ಭಾನುವಾರ ದಾಟುವುದಿಲ್ಲ. ಆರು ಯಂತ್ರಗಳನ್ನು ಹಿಂದಕ್ಕೆ ಕೊಟ್ಟು ಹೊಸವನ್ನು ಬಾಡಿಗೆಗೆ ತೆಗೆದುಕೊಳ್ಳಬಹುದು. ಅದು ಆಸ್ಪತ್ರೆಯ ಕೈಗೆಟುಕುವ ಮಾತಲ್ಲ ಎಂಬುದು ಅವನಿಗೂ ಗೊತ್ತಿತ್ತು. ಹಾಗಾದರೆ ರೋಗಿಗಳು ಜಿಲ್ಲಾ ಆಸ್ಪತ್ರೆಗೆ ಹೋಗಬಹುದು ಎಂದ.

ಜಿಲ್ಲಾ ಆಸ್ಪತ್ರೆ ತೊಂಬತ್ತು ಕಿಲೋಮೀಟರು. ಮೌನೇಶ್ವರಿಯ ಪಟ್ಟಿಯಲ್ಲಿ ಮೂವತ್ತೊಂದು ಹೆಸರಿದ್ದವು. ಹೀಗೆ ಯಂತ್ರ ನಿಂತ ಪಕ್ಕದ ತಾಲ್ಲೂಕಿನಲ್ಲಿ ಏನಾಯಿತೆಂದು ಅವಳು ನೋಡಿದ್ದಳು. ವಾರಕ್ಕೆ ಮೂರು ಸಲ ಹೋಗುತ್ತಿದ್ದವರು ಬಸ್ಸಿನ ಸುಸ್ತಿಗೆ ಎರಡು ಸಲ ಹೋದರು, ಆಮೇಲೆ ಒಂದು ಸಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿನ ಪಟ್ಟಿ ಅರ್ಧವಾಗಿತ್ತು.

"ನೀವು ತುಂಬ ಚೆನ್ನಾಗಿ ನೋಡ್ಕೊಂಡಿದೀರಿ ಮೇಡಂ. ಇವಕ್ಕೆ ಇಷ್ಟು ಆಯಸ್ಸು ಅಂತ ನಾವೇ ಅಂದ್ಕೊಂಡಿರಲಿಲ್ಲ," ಎಂದ ಶ್ರೀವತ್ಸ, ಮೂರನೆಯ ಯಂತ್ರದ ಮೈ ಸವರುತ್ತ.

"ಹೆಣದ ಮುಂದ ಆಡೋ ಮಾತು ಇಲ್ಲಿ ಆಡಬ್ಯಾಡ್ರಿ," ಎಂದಳು ಅವಳು. "ಇನ್ನೂ ಉಸಿರಾಡಾಕತ್ತಾವು."

ಗುರುವಾರ ಸಂಜೆ ನಾಲ್ಕೂವರೆಗೆ ಮನೆಗೆ ಬಂದಾಗ ಅತ್ತೆ ಕಾಳವ್ವ ಪಡಸಾಲೆಯಲ್ಲಿ ಪರದೆಯ ಮುಂದೆ ಕಾಲು ಚಾಚಿ ಕುಳಿತಿದ್ದಳು. ಸೊಸೆಯ ಕೈ ಸೂಜಿ-ನಾಳಗಳಲ್ಲಿ ತೊಡಗಿರುವಾಗ ಪುಟವನ್ನು ನೋಡುತ್ತಿದ್ದದ್ದು ಅವಳ ಕಣ್ಣು. ಒಂದಕ್ಷರವೂ ಅರ್ಥವಾಗದ ಪುಟವನ್ನು ನಾಲ್ಕು ವರ್ಷದಿಂದ ಗಂಟೆಗೊಮ್ಮೆ ದಿಟ್ಟಿಸಿ ದಿಟ್ಟಿಸಿ, ಯಾವ ಪೆಟ್ಟಿಗೆಯಲ್ಲಿ ಏನು ತುಂಬುತ್ತಾರೆಂದು ಸೊಸೆ ಮಾಡುವುದನ್ನು ನೋಡಿಯೇ ಕಲಿತಿದ್ದಳು. ಭಾನುವಾರದ ಸುದ್ದಿ ಹಿಂದಿನ ದಿನವೇ ಅವಳ ಕಿವಿಗೆ ಬಿದ್ದಿತ್ತು.

"ಬರೂ ಬುಧವಾರ ಅಮಾಸಿ," ಎಂದಳು ಕಾಳವ್ವ ತಲೆ ಎತ್ತದೆ. "ಆಯಿತವಾರಕ್ಕ ಈ ಹಾಳಿ ಹೊಕ್ಕೇತಿ ಅಂದಿಯಲ್ಲ, ಅದಕ ಒಂದನೇ ಮಿಷನ್ನಿಂದು ಈಗಽ ತಗದಿಟ್ಟೀನಿ. ಕ್ಯಾಲೆಂಡರಿನ ಮ್ಯಾಲ ಬರದೀನಿ ನೋಡು."

ಮೌನೇಶ್ವರಿ ಪರದೆಯ ಕಡೆ ಬಗ್ಗಿದಳು. ತಪ್ಪು ದಿನಾಂಕ ತುಂಬಿದ್ದಕ್ಕೆ ಪುಟ ಮುನಿಸಿಕೊಂಡು ಮುಚ್ಚಿಬಿಟ್ಟಿದ್ದರೆ? ಅಂಕಿ ನೋಡಿದಳು. ಒಂದು ಇನ್ನೂ ಒಂದೇ ಇತ್ತು. ಇವತ್ತಿನ ತಾರೀಕು ಹಾಕಬೇಕು, ಕಂಪನಿಯ ಪುಸ್ತಕದಲ್ಲಿ ಹಾಗೇ ಬರೆದಿದೆ ಎಂದು ಅತ್ತೆಯನ್ನು ಗದರಿದಳು.

"ನಾಕು ವರ್ಸದಾಗ ನೀ ಅಮಾಸಿ ಬಿಟ್ಟು ಬ್ಯಾರೇ ತಾರೀಕ ಹಾಕಿದ್ದು ನಾ ಕಂಡಿಲ್ಲ," ಎಂದಳು ಕಾಳವ್ವ. "ನಾಳಿ ನಳಾ ಬರಂಗಿಲ್ಲಂದ್ರ ಇವತ್ತಽ ಕೊಡ ತುಂಬಿಸಿ ಇಡೂದಿಲ್ಲೇನು?"

ಕ್ಯಾಲೆಂಡರಿನಲ್ಲಿ ಬುಧವಾರದ ಚೌಕದ ಸುತ್ತ ಹದಿನಾರು ಅಕ್ಷರಗಳು ಸೊಟ್ಟಸೊಟ್ಟಗೆ ಬಿದ್ದಿದ್ದವು. ಮೌನೇಶ್ವರಿ ಅದನ್ನು ನೋಡುತ್ತ ನಿಂತೇ ಇದ್ದಳು. ಮುಂದಿನ ವಾರದ ಕೋಡನ್ನು ಪುಟ ಇವತ್ತೇ ಕೊಟ್ಟಿತ್ತು. ಅದು ನಿಜವಾದ ಕೋಡೋ, ಬಾಯಿಗೆ ಬಂದ ಅಕ್ಷರಗಳೋ? ಬುಧವಾರದ ತನಕ ಯಂತ್ರ ಅದನ್ನು ಒಪ್ಪುವುದಿಲ್ಲ. ಬುಧವಾರಕ್ಕೆ ಪುಟವೇ ಇರುವುದಿಲ್ಲ.

ಚಹಾ ಒಲೆಯ ಮೇಲೆ ಉಕ್ಕುತ್ತಿದ್ದಾಗ ಅವಳಿಗೆ ದಾರಿ ಹೊಳೆಯಿತು. ಮುಂದಿನದನ್ನು ಪರೀಕ್ಷಿಸಲಾಗದು, ಹಿಂದಿನದನ್ನು ಪರೀಕ್ಷಿಸಬಹುದು. ಬಳಸಿದ ಪ್ರತಿ ಕೋಡನ್ನೂ ಅವಳು ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಹಳೆಯ ದಿನಾಂಕ ತುಂಬಿದಾಗ ಪುಟ ಅದೇ ಹಳೆಯ ಕೋಡನ್ನು ಕೊಟ್ಟರೆ, ಅದು ಲೆಕ್ಕ ಹಾಕುವುದು ಸಂಖ್ಯೆ ಮತ್ತು ದಿನಾಂಕ ಎರಡರಿಂದಲೇ, ಬೇರೇನೂ ಅದರ ಲೆಕ್ಕದಲ್ಲಿಲ್ಲ ಎಂದಾಯಿತು. ಗ್ಯಾಸ್ ಆರಿಸಿ ಆಸ್ಪತ್ರೆಗೆ ಓಡಿದಳು. ಐದು ಗಂಟೆಗೆ ಮೂರು ವರ್ಷದ ಹಿಂದಿನ ಒಂದು ಅಮಾವಾಸ್ಯೆ, ಎರಡನೆಯ ಯಂತ್ರ. ಹದಿನಾರಕ್ಕೆ ಹದಿನಾರೂ ಹೊಂದಿತು. ಒಂದು ಸಲದ್ದನ್ನು ಅವಳು ನಂಬುವವಳಲ್ಲ. ಆರು ಗಂಟೆಗೆ ಎಂಟು ವರ್ಷದ ಹಿಂದಿನದು, ಐದನೆಯ ಯಂತ್ರ. ಅದೂ ಹೊಂದಿತು.

ಕಾಗದ ತೆಗೆದುಕೊಂಡು ಲೆಕ್ಕ ಹಾಕಿದಳು. ಬೀಗಕ್ಕೆ ನಲವತ್ತು ದಿನದ ಗಡುವಿದ್ದರೂ ಈ ಹಳೆಯ ಸಂವೇದಕಗಳು ಒಂದು ತಿಂಗಳಿಗಿಂತ ಹೆಚ್ಚು ತಾಳುವುದಿಲ್ಲ. ಹತ್ತು ವರ್ಷಕ್ಕೆ ನೂರಿಪ್ಪತ್ತನಾಲ್ಕು ಅಮಾವಾಸ್ಯೆ. ಆರು ಯಂತ್ರಕ್ಕೆ ಏಳುನೂರ ನಲವತ್ತನಾಲ್ಕು ಕೋಡು. ಒಂದು ಕಿಟಕಿಯಿಂದ ಭಾನುವಾರದ ತನಕ ಮೂವತ್ತನಾಲ್ಕು ಬರಬಹುದು. ಕಿಟಕಿಗಳು ಬೇಕು.

ಶುಕ್ರವಾರ ಬೆಳಿಗ್ಗೆ ಏಳಕ್ಕೇ ರೋಗಿಗಳನ್ನು ಕರೆದು ಕೂರಿಸಿ, ಏನು, ಏಕೆ ಎಂದು ಹೇಳಿದಳು. ನಿಮ್ಮ ಒಂಬತ್ತರಲ್ಲಿ ಒಂದನ್ನು ಮುಚ್ಚಿ ಈ ಪುಟಕ್ಕೆ ಜಾಗ ಕೊಡಬೇಕು, ಮುಚ್ಚಿದ್ದು ಮತ್ತೆ ಸಿಕ್ಕೀತೆಂಬ ಭರವಸೆ ನನ್ನ ಕೈಯಲ್ಲಿಲ್ಲ ಎಂದೂ ಹೇಳಿದಳು. ಎಲ್ಲರೂ ತಮ್ಮ ತಮ್ಮ ಫೋನುಗಳನ್ನು ಬೆರಳಿನಿಂದ ಸರಿಸುತ್ತ, ಯಾವುದನ್ನು ಬಿಟ್ಟರೆ ಏನು ಹೋಗುತ್ತದೆ ಎಂದು ಮನಸ್ಸಿನಲ್ಲೇ ತೂಗಿದರು. ಕೆಲವರು ತಲೆ ತಗ್ಗಿಸಿ ಆಗುವುದಿಲ್ಲ ಎಂದರು. ಅವರನ್ನು ಅವಳು ಒತ್ತಾಯಿಸಲಿಲ್ಲ.

ಮೊದಲು ಕೈ ಚಾಚಿದವಳು ಜೊತೆಗೆ ಬಂದಿದ್ದ ಕಾಳವ್ವ. ಮೈದುನನ ಜೊತೆ ಗೋಡೆಯೊಂದಕ್ಕಾಗಿ ಹದಿನೇಳು ವರ್ಷದಿಂದ ನಡೆಸುತ್ತಿದ್ದ ವ್ಯಾಜ್ಯದ ಟ್ಯಾಬ್ ಅವಳದು. ಮುಚ್ಚಿದರೆ ಕೋರ್ಟಿಗೆ ಗೈರು ಎಂದು ಲೆಕ್ಕ, ವ್ಯಾಜ್ಯ ಸೋತಂತೆ. "ಆ ಗ್ವಾಡಿ ಅವನಽ ಹೊತ್ಕೊಂಡು ಹೋಗ್ಲಿ," ಎಂದು ತಾನೇ ಒತ್ತಿ ಮುಚ್ಚಿದಳು. ಆಮೇಲೆ ಸೊಸೆಯ ಕಿವಿಯಲ್ಲಿ, ಗೋಡೆ ಹೇಗೂ ಬೀಳಲಿಕ್ಕೆ ಬಂದಿದೆ ಎಂದಳು.

ಇಮಾಮಸಾಬ ಗಿರಾಕಿಗಳ ಪುಟ ಮುಚ್ಚಿದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮೌನೇಶ್ವರಿಯ ಗಂಡ ಈಶ್ವರ ಬಡ್ತಿಯ ಅರ್ಜಿಯನ್ನು ಬಿಟ್ಟ. ಪಟ್ಟಿಯಲ್ಲಿ ಎಲ್ಲರಿಗಿಂತ ಕಿರಿಯಳಾದ ಇಪ್ಪತ್ತನಾಲ್ಕರ ಪ್ರೇಮಾ ಲಮಾಣಿ ಫೋನನ್ನು ಮೌನೇಶ್ವರಿಯ ಮುಂದೆ ಹಿಡಿದು, ಇದೊಂದೇ ಬಿಡುವಂಥದ್ದು ಎಂದಳು. ಅದು ಕಿಡ್ನಿ ಕಸಿಯ ಸಾಲಿನ ಪುಟ. ಅವಳ ಸ್ಥಾನ ಇನ್ನೂರ ಹನ್ನೆರಡು.

"ಇದನ್ನ ಮುಚ್ಚಬ್ಯಾಡ," ಎಂದಳು ಮೌನೇಶ್ವರಿ.

"ನನ್ನ ಸಾಲು ಬರೂದರಾಗ ನಾ ಇರಬೇಕಲ್ರಿ ಅಕ್ಕಾರ. ಇಲ್ಲಿ ಮಿಷನ್ ನಿಂತ್ರ ಆ ಸಾಲಿನ್ಯಾಗ ನಿಂದ್ರೂದು ಯಾರು?"

"ಅದಕಽ ಹೇಳಿದ್ದು. ನೀ ನಿಂದ್ರಾಕ ಬೇಕಂತಽ ಇವ್ರೆಲ್ಲಾ ತಮ್ಮವು ಮುಚ್ಚಾಕತ್ತಾರ. ನೀ ಹಾಳಿ ಹಿಡಿ, ಮಾಮಾ ಓದತಾರ, ನೀ ಬರಿ."

ಒಟ್ಟು ಇಪ್ಪತ್ತೆರಡು ಕಿಟಕಿಗಳಾದವು. ಎಂಟಕ್ಕೆ ಸರಿಯಾಗಿ ಪುಟದ ಮೂಲೆಯ ಅಂಕಿಯೂ ಇಪ್ಪತ್ತೆರಡು ತೋರಿಸಿತು. ಚಂದ್ರನ ಸುತ್ತು ಇಪ್ಪತ್ತೊಂಬತ್ತೂವರೆ ದಿನಕ್ಕೆ ಸ್ವಲ್ಪ ಹೆಚ್ಚು ಎಂಬ ಲೆಕ್ಕದಿಂದ ಮೌನೇಶ್ವರಿ ರಾತ್ರಿಯೇ ಅಮಾವಾಸ್ಯೆಗಳ ಪಟ್ಟಿ ಮಾಡಿದ್ದಳು. ಒಂದು ದಿನ ಹಿಂದುಮುಂದಾದರೆ ಯಂತ್ರಕ್ಕೇನೂ ಬಾಧೆಯಿಲ್ಲ, ಬರೆದಿಟ್ಟ ದಿನದಂದೇ ಹಾಕಿದರಾಯಿತು. ಆದರೆ ಕಾಳವ್ವ ಈ ವರ್ಷದ್ದನ್ನೆಲ್ಲ ಪಂಚಾಂಗಕ್ಕೆ ಹಿಡಿದು ನೋಡಿ, ಎರಡು ಕಡೆ ತಿದ್ದಿಸಿದಳು.

ಅಂದಿನಿಂದ ಕೋಣೆಗೆ ಬೇರೆಯದೇ ಲಯ ಬಂತು. ಗಂಟೆ ಹೊಡೆಯುತ್ತಲೇ ಇಪ್ಪತ್ತೆರಡು ಬೆರಳುಗಳು ಒತ್ತುತ್ತಿದ್ದವು. ಒಬ್ಬರು ಓದಿದ್ದನ್ನು ಇನ್ನೊಬ್ಬರು ಬರೆದು, ಆಮೇಲೆ ಕಾಗದ ಅದಲುಬದಲು ಮಾಡಿ ಹಿಂದಿನಿಂದ ಮುಂದಕ್ಕೆ ಮತ್ತೊಮ್ಮೆ ಓದಿ ತಾಳೆ ನೋಡುತ್ತಿದ್ದರು. ಇಂಗ್ಲಿಷ್ ಬಾರದವರು ಅಕ್ಷರದ ಆಕಾರವನ್ನೇ ಚಿತ್ರದಂತೆ ಇಳಿಸಿದರು. ಇಮಾಮಸಾಬ ತನ್ನವನ್ನು ಗಾದಿಯ ಮೇಲಿನ ಹೊಲಿಗೆಯಂತೆ ಒಂದೇ ಅಳತೆಯಲ್ಲಿ ಎಷ್ಟು ಅಚ್ಚುಕಟ್ಟಾಗಿ ಬರೆದನೆಂದರೆ, ಕಂಪನಿಯವರು ಇವನನ್ನೇ ಅಚ್ಚುಮೊಳೆಗೆ ಇಟ್ಟುಕೊಳ್ಳಬೇಕಿತ್ತು ಎಂದು ಈಶ್ವರ ನಗಾಡಿದ. ಯಂತ್ರಗಳು ರಕ್ತ ತೊಳೆಯುತ್ತಲೇ ಇದ್ದವು. ಕೆಲವರು ಒಂದು ಕೈಯಲ್ಲಿ ಸೂಜಿ ಇದ್ದಂತೆಯೇ ಇನ್ನೊಂದು ಕೈಯಲ್ಲಿ ಒತ್ತಿದರು.

ಶುಕ್ರವಾರ ರಾತ್ರಿ ಎಂಟಕ್ಕೆ ಇನ್ನೂರ ಅರವತ್ತನಾಲ್ಕು.

ಶನಿವಾರ ಬೆಳಿಗ್ಗೆ ಹನ್ನೊಂದರ ಸುತ್ತು ಮುಗಿಯುತ್ತಲೇ ಪುಟದ ಮೇಲೆ ಹೊಸ ಸಾಲೊಂದು ಮೂಡಿತು. ಇನ್ನು ಮುಂದೆ ಒಂದು ಕಿಟಕಿಗೆ ನಾಲ್ಕು ಗಂಟೆಗೆ ಒಂದೇ ಕೋಡ್. ಕಂಪನಿ ನೋಡುತ್ತಿತ್ತು. ಹಿಂದೆಯೇ ಶ್ರೀವತ್ಸನ ಫೋನು ಬಂತು. ಮುಂದಿನ ದಿನಾಂಕಗಳನ್ನು ತೆಗೆಯುವುದು ಬಳಕೆಯ ಷರತ್ತಿಗೆ ವಿರುದ್ಧ, ಆಸ್ಪತ್ರೆಗೆ ನೋಟೀಸು ಕಳಿಸಿದ್ದೇವೆ, ದಯವಿಟ್ಟು ನಿಲ್ಲಿಸಿ ಎಂದ. ನೋಟೀಸು ಹಿಡಿದುಕೊಂಡು ಮುಖ್ಯ ವೈದ್ಯೆ ಡಾ. ಕುಸುಮಾ ಹೆಬಸೂರ ಕೆಳಗಿಳಿದು ಬಂದರು. ನಿವೃತ್ತಿಗೆ ಎರಡು ವರ್ಷವಿದ್ದ, ಸಹಿ ಹಾಕುವ ಮೊದಲು ಮೂರು ಸಲ ಓದುವ ಹೆಂಗಸು. ಬಾಗಿಲಲ್ಲೇ ನಿಂತು ಹಾಸಿಗೆಗಳ ಮೇಲೆ ಹರಡಿದ್ದ ಕಾಗದಗಳನ್ನೂ, ಪೆನ್ನು ಕಚ್ಚಿಕೊಂಡು ಕುಳಿತಿದ್ದ ರೋಗಿಗಳನ್ನೂ ನೋಡಿದರು.

"ಪುಟ ತಾನಾಗೇ ತೋರಿಸಿದ್ದನ್ನಷ್ಟ ಬರ್ಕೋಳಾಕತ್ತೀರೋ, ಒಳಗ ಕೈ ಹಾಕೀರೋ?"

"ತೋರಿಸಿದ್ದಷ್ಟ ರೀ ಮೇಡಂ. ಒಂದಕ್ಷರ ಕದ್ದಿಲ್ಲ."

ವೈದ್ಯೆ ನೋಟೀಸನ್ನು ಮತ್ತೆ ಲಕೋಟೆಯೊಳಗೆ ತುರುಕಿದರು. ಶನಿವಾರ ಅರ್ಧ ದಿನ, ಕಚೇರಿ ಮುಚ್ಚುವ ಹೊತ್ತು, ಈ ಟಪಾಲನ್ನು ಸೋಮವಾರ ತೆರೆಯುತ್ತೇನೆ ಎಂದು ಹೇಳಿ ಮೆಟ್ಟಿಲು ಹತ್ತಿಹೋದರು.

ಮೌನೇಶ್ವರಿ ಮತ್ತೆ ಲೆಕ್ಕ ಹಾಕಿದಳು. ಹತ್ತು ವರ್ಷದ ಮಾತು ಮುಗಿದಿತ್ತು. ಮೂರು ಯಂತ್ರಗಳನ್ನು ಬಿಟ್ಟುಕೊಟ್ಟರೆ ಉಳಿದ ಮೂರಕ್ಕೆ ಏಳೂವರೆ ವರ್ಷಕ್ಕೂ ಮೀರಿ ಸಿಗುತ್ತದೆ ಎಂದ ಈಶ್ವರ. ಅದು ಸರಿಯಾದ ಲೆಕ್ಕವೇ. ಆದರೆ ಮೂರು ಯಂತ್ರಕ್ಕೆ ಪಟ್ಟಿಯಲ್ಲಿ ಹದಿನೈದು ಹೆಸರಷ್ಟೇ ಹಿಡಿಸುತ್ತವೆ, ಉಳಿದವರಲ್ಲಿ ಯಾರನ್ನು ಅಳಿಸಬೇಕೆಂದು ನೀನೇ ಅವರೆದುರಿಗೆ ಓದಿ ಹೇಳು ಎಂದಳು. ಈಶ್ವರ ಪೆನ್ನು ಕೈಗೆತ್ತಿಕೊಂಡ. ಆರೂ ಯಂತ್ರಕ್ಕೆ ಸಮ ಸಮ ಎಂದು ತೀರ್ಮಾನವಾಯಿತು. ಶನಿವಾರ ಹನ್ನೆರಡಕ್ಕೆ, ನಾಲ್ಕಕ್ಕೆ. ಭಾನುವಾರ ಎಂಟಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ. ನಡುವಿನ ಹೊತ್ತಿನಲ್ಲಿ ಮಾಡಲು ಬೇರೆ ಕೆಲಸವಿಲ್ಲದ್ದರಿಂದ ಬರೆದದ್ದನ್ನೇ ಇನ್ನೊಂದು ಪ್ರತಿ ಮಾಡಿದರು, ಮಾಡಿದ ಪ್ರತಿಯನ್ನು ಮತ್ತೆ ತಾಳೆ ನೋಡಿದರು.

ಭಾನುವಾರ ಸಂಜೆ ಆರಕ್ಕೆ ಇಪ್ಪತ್ತೆರಡು ಪರದೆಗಳೂ ಒಂದೇ ಸಲಕ್ಕೆ ಬೆಳ್ಳಗಾದವು. ಕಾಗದದ ಮೇಲೆ ನಾನೂರ ಅರವತ್ತೆರಡು ಕೋಡುಗಳಿದ್ದವು. ಒಂದೊಂದು ಯಂತ್ರಕ್ಕೆ ಎಪ್ಪತ್ತೇಳು ಅಮಾವಾಸ್ಯೆ. ಆರು ವರ್ಷ, ಮೇಲೆ ಎರಡೂವರೆ ತಿಂಗಳು. ಪ್ರತಿಗಳು ಇಪ್ಪತ್ತೆರಡು ಮನೆಗಳಿಗೆ ಹೋದವು.

ಸೋಮವಾರ ಹತ್ತು ಗಂಟೆಗೆ ಶ್ರೀವತ್ಸ ಬಂದ. ಯಂತ್ರಗಳನ್ನು ಹಿಂದಕ್ಕೆ ಕೊಡುವ ಪತ್ರಕ್ಕೆ ವೈದ್ಯೆ ಸಹಿ ಹಾಕಿರಲಿಲ್ಲ; ಯಂತ್ರಗಳು ಸುಸ್ಥಿತಿಯಲ್ಲಿವೆ ಎಂದು ಅದರ ಮೇಲೆಯೇ ಬರೆದು ತಿರುಗಿಸಿ ಕಳಿಸಿದ್ದರು. ಅವನು ಡಯಾಲಿಸಿಸ್ ಕೋಣೆಗೆ ಬಂದಾಗ ಆರನೆಯ ಯಂತ್ರ ಬೆನ್ನು ತೆರೆದುಕೊಂಡು ನಿಂತಿತ್ತು. ಮೌನೇಶ್ವರಿ ಮೊಳಕಾಲೂರಿ ಅದರೊಳಗೆ ಬ್ಯಾಟರಿ ಹಿಡಿದು ನೋಡುತ್ತಿದ್ದಳು.

ಕಾಗದಗಳು ಎಲ್ಲಿವೆ ಎಂದು ಅವನು ಕೇಳಲಿಲ್ಲ. ಸ್ಟೂಲು ಎಳೆದುಕೊಂಡು ಕುಳಿತ. ಕಂಪನಿಯ ಮಾತು ಪಕ್ಕಕ್ಕಿಡಿ, ನಾನೂ ನಿಮ್ಮ ಹಾಗೆ ಓದಿದವನೇ ಎಂದ. ಆಮೇಲೆ ಮೆಲ್ಲಗೆ ಕೇಳಿದ, "ಆರು ವರ್ಷ ಆದ್ಮೇಲೆ ಏನ್ಮಾಡ್ತೀರಿ ಮೇಡಂ?"

ಅವಳು ಬ್ಯಾಟರಿಯ ಬೆಳಕನ್ನು ಒಳಗಿನ ಹಸಿರು ಹಲಗೆಯ ಮೂಲೆಗೆ ತಿರುಗಿಸಿದಳು. ಯಂತ್ರಕ್ಕೆ ದಿನ ಎಣಿಸಿಕೊಡುವ ಗಡಿಯಾರ ಅಲ್ಲಿತ್ತು, ಕರಿ ಅರಗಿನಂಥ ಅಂಟಿನಡಿ ಹೂತು. ಅದನ್ನು ಹಿಂದಕ್ಕೆ ತಿರುಗಿಸಲು ಬಂದರೆ ಹಳೆಯ ಕೋಡುಗಳೇ ಮತ್ತೆ ನಡೆಯುತ್ತಿದ್ದವು. ಅದನ್ನು ಕೆದಕಿದರೆ ಯಂತ್ರ ತಕ್ಷಣ ಬೀಗ ಹಾಕಿಕೊಳ್ಳುತ್ತದೆ ಎಂದು ಕಂಪನಿಯ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿತ್ತು. ಪುಟ ಇರುವ ತನಕ ಅದನ್ನು ಮುಟ್ಟುವ ಅಗತ್ಯ ಅವಳಿಗೆ ಬಿದ್ದಿರಲಿಲ್ಲ.

"ಇದನ್ನ ಬಿಚ್ಚಾಕ ಕಲೀತೀನ್ರಿ," ಎಂದಳು. "ಇವತ್ತು ಕೆಡ್ತದಂತ ಗೊತ್ತೈತಿ. ಕೆಟ್ರ ಮುಂದಿನ ಅಮಾಸಿಗೆ ಕೋಡ್ ಹಾಕಿ ಎಬ್ಬಸ್ತೀನಿ. ಮತ್ತ ಬಿಚ್ತೀನಿ. ಅಲ್ಲೀತನ ಉಳದ ಐದು ಎಳೀತಾವು, ಒಂದು ಪಾಳಿ ಜಾಸ್ತಿ ಓಡಸ್ತೀನಿ. ಎಪ್ಪತ್ತೇಳು ಸಲ ತಪ್ಪಬಹುದು ನಾನು. ನಿಮಗ ನಿಮ್ಮ ಕಂಪನ್ಯಾಗ ಯಾರರ ಇಷ್ಟು ಸಲ ತಪ್ಪಾಕ ಬಿಟ್ಟಾರೇನ್ರಿ?"

ಅವಳು ಉತ್ತರಕ್ಕೆ ಕಾಯದೆ ಸಣ್ಣ ಉಳಿಯ ತುದಿಯನ್ನು ಕರಿ ಅಂಟಿನ ಅಂಚಿಗೆ ಇಟ್ಟು, ಅಂಗೈಯಿಂದ ಒಂದು ಏಟು ಕೊಟ್ಟಳು. ಯಂತ್ರ ಚೀರಿ, ಕೆಂಪು ದೀಪ ಹತ್ತಿಸಿ, ಬೀಗ ಹಾಕಿಕೊಂಡಿತು. ಮೌನೇಶ್ವರಿ ಪೆನ್ನು ತೆಗೆದು ದಾಖಲೆ ಪುಸ್ತಕದಲ್ಲಿ ಬರೆದಳು: ಆರನೆಯ ಯಂತ್ರ, ಮೊದಲನೆಯ ಪ್ರಯತ್ನ, ಎಡಗಡೆಯಿಂದ ಬಿಚ್ಚಬಾರದು.